ಒಗೆದ ಅಂಗಿ

ಅಪ್ಪಾ,

ಇದನ್ನು ಮೊದಲು ನಿನಗೇ ಹೇಳಬೇಕು. ನೀನು ಕೊನೆಯ ದಿನಗಳಲ್ಲಿ ಮಲಗುತ್ತಿದ್ದ ಶಹಾಪುರ ಬಸ್ ನಿಲ್ದಾಣದಲ್ಲೇ ಇವತ್ತು ಸಿನಿಮಾ ಶೂಟಿಂಗ್. ಮನೆಯಿಲ್ಲದ ಮುದುಕನ ಕಥೆ. ಅವನ ಅಂಗಿ ಹರಿದು ಮಸಿ ಬಳಿಯಲು ಟೇಲರ್ ಅಂತ ನನ್ನನ್ನೇ ಕರೆಸಿದ್ದರು. ನಾನು ಕತ್ತರಿ ಕೆಳಗಿಟ್ಟು ನಿರ್ದೇಶಕರಿಗೆ ಹೇಳಿದೆ:

“ನಮ್ಮಪ್ಪ ಇಲ್ಲೇ ಮಲಗ್ತಿದ್ರಿ. ದಿನಾ ನಳದಾಗ ಅಂಗಿ ಒಗದು, ಒಣಗಿಸಿ, ಮಡಚಿ ತಲಿ ಕೆಳಗ ಇಟ್ಕೊತಿದ್ರು. ಹರಕ ಅಂಗಿ ಹಾಕ್ತಿರಲಿಲ್ಲ.”

ನಿರ್ದೇಶಕರು ಒಪ್ಪಿಯೇಬಿಟ್ಟರು ನೋಡು. ಅಂಗಿಯನ್ನು ನಿನ್ನಂತೆಯೇ ಒಗೆದು, ಒಣಗಿಸಿ ಮಡಚಿಕೊಟ್ಟೆ. ನಟ ಅದನ್ನು ತೊಟ್ಟು ಬಂದಾಗ ಕಾಲರ್ ನಾನೇ ಸರಿಮಾಡಿದೆ.

ಆಮೇಲೆ ಮಗಳ ಪಾತ್ರದವಳು ಬಸ್ಸಿಳಿದವಳೇ ಓಡಿಬಂದು ಅವನನ್ನು ತಬ್ಬಿಕೊಂಡಳು.

“ಇದೂ ಹೀಗೇ ನಡೀತಿತ್ತಾ?” ಎಂದು ನಿರ್ದೇಶಕರು ಕೇಳಿದರು.

“ಹೌದ್ರಿ,” ಎಂದೆ.

ಅಲ್ಲ ಅನ್ನಬಲ್ಲವನು ನೀನೊಬ್ಬನೇ ಇದ್ದೆ.

ಪಂಚಶೀಲಾ