ಒತ್ತಿದರೂ ಹೋಗದ ಕೆಂಪು

ಅಪ್ಪಾ,

ಕುಣಿಗಲ್ಲಿನಿಂದ ನಿನ್ನ ಪುಟ್ಟಿ ಬರೆಯುತ್ತಿದ್ದೇನೆ. ಗುಬ್ಬಿಯ ಆ ಬೆಳಿಗ್ಗೆ ನೆನಪಿದೆಯಾ? ಶಾಲೆಗೆ ಸೇರಿಸುವ ಮುಂಚೆ ಲಸಿಕೆಯ ಸೂಜಿ ಹಾಕಿಸಬೇಕೆಂದು ನೀನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದೆ. ನಾನು ಅಳಲಿಲ್ಲವೆಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ವಾರ ಕಳೆದ ಮೇಲೆ ನನ್ನ ಕಾಲ ತುಂಬ ಕೆಂಪು ಚುಕ್ಕೆಗಳೆದ್ದವು. ಅಜ್ಜಿ ನೋಡಿದ್ದೇ ಕೆನ್ನೆ ಬಡಿದುಕೊಂಡಳು. "ಅಮ್ಮ ಬಂದವ್ಳೆ ಕಣ್ಲಾ! ಡಾಕ್ಟ್ರು ಅಂದ್ರೆ ಮುನಿಸ್ಕೋತಾಳೆ, ಸುಮ್ಕಿರು." ದಿಂಬಿನ ಪಕ್ಕ ಬೇವಿನ ಸೊಪ್ಪು ಬಂತು, ಅಡುಗೆಮನೆಯಲ್ಲಿ ಒಗ್ಗರಣೆ ನಿಂತಿತು. ದೇವಿ ತಾನಾಗಿಯೇ ಇಳಿಯಲಿ ಎಂದು ಎಲ್ಲರೂ ಕಾದಿರಿ.

ಮಂಡಿ ಊದಿ, ಹೊಟ್ಟೆನೋವಿಗೆ ನಾನು ಮುದುಡಿ ಮಲಗಿದ ದಿನ ನೀನು ಅಜ್ಜಿಯ ಮಾತು ಮೀರಿ ತುಮಕೂರಿನ ಬಸ್ಸು ಹತ್ತಿದೆ. ಶಿರಾ ಗೇಟ್ ಹತ್ತಿರದ ಡಾಕ್ಟರು ಚುಕ್ಕೆಯ ಮೇಲೆ ಹೆಬ್ಬೆರಳು ಒತ್ತಿ ತೋರಿಸಿದರು. "ನೋಡಿ, ಒತ್ತಿದ್ರೂ ಕೆಂಪು ಹೋಗ್ತಿಲ್ಲ. ಇದು ಅಮ್ಮ ಅಲ್ಲ. ರಕ್ತನಾಳ ಊದ್ಕೊಂಡು ಚರ್ಮದೊಳಗೆ ರಕ್ತ ಜಿನುಗ್ತಿದೆ. ಸೂಜಿ ಆದ್ಮೇಲೆ ಅಪರೂಪಕ್ಕೆ ಹಿಂಗಾಗೋದುಂಟು. ಆದ್ರೆ ಅದ್ರಿಂದ್ಲೇ ಅಂತ ಹೇಳಕ್ಕಾಗಲ್ಲ." ನಿನಗೆ ಆ ಕೊನೆಯ ಮಾತು ಕೇಳಿಸಲೇ ಇಲ್ಲ, ಅಲ್ಲವೇ?

ನಾನು ಹುಷಾರಾದೆ. ನಿನ್ನ ಭಯ ಮಾತ್ರ ವಾಸಿಯಾಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನೀನು ನನ್ನ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು, ಕೊಬ್ಬರಿ ಸುಲಿದು ಒರಟಾದ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದೆ. ಮದುವೆಯ ಹಿಂದಿನ ಸಂಜೆ ಅರಿಶಿನ ಹಚ್ಚಿದ ಕಾಲನ್ನೂ ಬಿಡಲಿಲ್ಲ. ನೆಂಟರೆಲ್ಲ ನಕ್ಕರು.

ಕೊನೆಯ ಸಲ ಆಸ್ಪತ್ರೆಯ ಮಂಚದಲ್ಲಿ ಮಲಗಿ ನೀನು ನನ್ನ ಕೈ ಹಿಡಿದು, "ನಿನ್ ಮಕ್ಳಿಗೆ ಸೂಜಿ ಬ್ಯಾಡ ಕಣವ್ವ," ಅಂದೆ. ನಾನು ಮಾತು ಕೊಡದೆ ನಿನ್ನ ಹೊದಿಕೆ ಸರಿಮಾಡಿದೆ.

ನೀನು ಹೋದ ಮೇಲೆ ನಿನಗೆ ಮೊಮ್ಮಗಳು ಹುಟ್ಟಿದ್ದಾಳೆ ಅಪ್ಪಾ. ಅವಳಿಗೆ ಎಣ್ಣೆ ಹಚ್ಚುವಾಗ ನನ್ನ ಹೆಬ್ಬೆರಳು ತಾನಾಗಿಯೇ ಅವಳ ಕಾಲನ್ನು ಒತ್ತುತ್ತದೆ. ಅದೇ ಗಳಿಗೆ ನನ್ನ ಕಾಲ ಮೇಲೂ ಒರಟು ಬೆರಳೊಂದು ಒತ್ತಿದಂತಾಗುತ್ತದೆ. ಇಲ್ಲಿನ ಡಾಕ್ಟರಿಗೆ ಎಲ್ಲ ಹೇಳಿದೆ. "ಧೈರ್ಯವಾಗಿ ಹಾಕ್ಸಿ. ಚುಕ್ಕೆ ಕಂಡ್ರೆ ಮಾತ್ರ ತಕ್ಷಣ ಕರ್ಕೊಂಡ್ ಬನ್ನಿ," ಅಂದರು. ಆದರೂ ಆಸ್ಪತ್ರೆಯ ಗೇಟಿನ ತನಕ ಹೋಗಿ ವಾಪಸ್ ಬಂದೆ. ನೀನು ಅಡ್ಡ ನಿಂತಿದ್ದೆಯಾ?

ಹೋದ ತಿಂಗಳು ಹಾಕಿಸಿಯೇಬಿಟ್ಟೆ. ಆ ವಾರವೆಲ್ಲ ನನಗೆ ನಿದ್ದೆಯಿಲ್ಲ. ಚುಕ್ಕೆ ಏಳಲಿಲ್ಲ. ನಿನ್ನೆ ಸಂಜೆ ನೋಡಿದರೆ ಮೀನಖಂಡದ ಮೇಲೊಂದು ಕೆಂಪು! ಒತ್ತಿದೆ. ಕೆಂಪು ಹೋಯಿತು ಅಪ್ಪಾ, ಪೂರ್ತಿ ಬೆಳ್ಳಗಾಯಿತು. ಸೊಳ್ಳೆ ಕಚ್ಚಿತ್ತು, ಅಷ್ಟೆ.

ಅವಳು ನಗುತ್ತಾ ಕಾಲು ಎಳೆದುಕೊಂಡಳು. ಇನ್ನು ನನ್ನ ಕಾಲ ಮೇಲಿನ ಹೆಬ್ಬೆರಳು ತೆಗಿ ಅಪ್ಪಾ.