ಹೊಳ್ಳಿ ಬರುವ ನೀರು

೮-೧೧-೧೯೬೪, ರವಿವಾರ

ಹಂಡೆಯ ಒಲೆ ಇವತ್ತೂ ಹೊತ್ತಲಿಲ್ಲ. ಹಸಿ ಕಟ್ಟಿಗೆ. ಊದಿ ಊದಿ ಕಣ್ಣು ಕೆಂಪಾಗಿವೆ — ನಾಳೆ ಶಾಲೆಯಲ್ಲಿ ಪಾಠಕ್ಕೆ ನಿಂತಾಗ ಹುಡುಗಿಯರು ನಾನು ಅತ್ತಿದ್ದೇನೆಂದೇ ತಿಳಿದಾರು. ತಿಳಿಯಲಿ.

ಅತ್ತೆ ಮುರಿಗೆವ್ವ ಬರುವುದು ಖಚಿತ. ಉಪ್ಪಿನಬೆಟಗೇರಿಯಿಂದ, ದಮ್ಮಿನ ಔಷಧಕ್ಕೆ. ಚಳಿಗಾಲ ಮುಗಿಯುವವರೆಗೆ ಇಲ್ಲಿಯೇ, ವಿದ್ಯಾನಗರದಲ್ಲಿ. ಡಾಕ್ಟರು ಮೊದಲೇ ಹೇಳಿದ್ದಾರೆ — ಹೊಗೆ ಕೂಡದು, ತಣ್ಣೀರು ಕೂಡದು. ಅಂದರೆ ಹಂಡೆ ಹೋಯಿತು. "ಇಲೆಕ್ಟ್ರಿಕ್ ಗೀಝರ್ ತರೋಣು," ಅಂದರು ಇವರು. ಕರೆಂಟು ಇದ್ದರಲ್ಲವೇ! ಉಳಿದದ್ದು ಒಂದೇ: ಹಿತ್ತಲಲ್ಲಿ ದೊಡ್ಡ ತಾಮ್ರದ ಬಂಬ ಇಟ್ಟು ಕೆಳಗೆ ಬೆಂಕಿ ಹಾಕುವುದು, ಅಲ್ಲಿಂದ ಮನೆಯ ಎರಡೂ ಬಚ್ಚಲಿಗೆ ಪೈಪು. ಇವರು ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುವವರು. ಪೈಪು ಅಂದರೆ ಮುಖ ಅರಳುತ್ತದೆ.

ಬಂಬವೇ ಆಗಲಿ ಅಂದೆ. ಕಾರಣ ಹೇಳಲಿಲ್ಲ. ಇಲ್ಲಿ ಬರೆಯಬಹುದು. ಹಂಡೆಯಾದರೆ ಯಾರಾದರೂ ನೀರು ತೋಡಿ, ಹೊತ್ತು, ಅತ್ತೆಯ ಬಚ್ಚಲಿಗೆ ಒಯ್ಯಬೇಕು. ಇವರು ನಸುಕಿನಲ್ಲೇ ಕಾಲೇಜಿಗೆ ಹೊರಟ ದಿನ ಆ ಯಾರಾದರೂ ನಾನು. ಮದುವೆಯಾಗಿ ಐದು ವರ್ಷ. ನನ್ನ ಕೈಯಿಂದ ಒಂದು ಗುಟುಕು ನೀರು ತೆಗೆದುಕೊಂಡವರಲ್ಲ ಅವರು. ಲಿಂಗಾಯತರ ಮನೆಗೆ ಕೇರಿಯಿಂದ ಸೊಸೆ. ಮದುವೆಗೆ ಬಂದರು, ಅಕ್ಕಿಕಾಳು ಹಾಕಿದರು, ಒಣಗಿದ ಬಾಯಲ್ಲೇ ಟಾಂಗಾ ಹತ್ತಿದರು. ಊರಲ್ಲಿ ನಮ್ಮವ್ವ ಬಾವಿಯಿಂದ ದೂರ ಕೊಡ ಇಟ್ಟುಕೊಂಡು ನಿಲ್ಲುತ್ತಿದ್ದಳು, ಯಾರಾದರೂ ಪುಣ್ಯಾತ್ಮರು ಸುರಿಯಲಿ ಎಂದು. ನಾನು ಹಾಗೆ ನಿಲ್ಲುವವಳಲ್ಲ. ಪೈಪು ಹಾಕಿಸುತ್ತೇನೆ. ಅವರು ಒಲ್ಲೆ ಅನ್ನಬೇಕಾಗಿಲ್ಲ, ನಾನು ಅದನ್ನು ಕೇಳಬೇಕಾಗಿಲ್ಲ.

೨೨-೧೧, ರವಿವಾರ, ಸಂಜೆ

ಹಳೇ ಹುಬ್ಬಳ್ಳಿಯ ಕಮರುದ್ದೀನ ಬಂಬ ಕೂಡಿಸಿದ. ತಾಮ್ರದ ಕೆಲಸದವನು. ಬಡಿಯುವ ಕೈಗಿಂತ ಬಾಯಿ ಜೋರು.

ಬಂಬ ಹಿಂದೆ, ಅತ್ತೆಯ ಬಚ್ಚಲು ಮುಂದೆ. ನಳ ತಿರುವಿದರೆ ತಣ್ಣೀರು... ತಣ್ಣೀರು... ಒಂದು ಕೊಡದಷ್ಟು ಹರಿದ ಮೇಲೆ ಬಿಸಿ. ಬೀದಿಯ ನಳದಿಂದ ಬಂಬಕ್ಕೆ ಪೈಪಿನಲ್ಲಿ ನೀರು ಬರುವುದೇ ಅಪರೂಪ, ಬಂದದ್ದನ್ನು ಹೀಗೆ ಗಟಾರಕ್ಕೆ ಬಿಡುವುದೇ! ತಲೆ ಕೆಟ್ಟಿತು. "ಕಿತ್ತಿ ಒಯ್ಯಪಾ ಇದನ್ನ," ಅಂದೆ.

"ಸಿಟ್ಟಾಗಬ್ಯಾಡ್ರಿ ಅಕ್ಕೋರ," ಅಂದ.

ಇವರು ನೆಲದ ಮೇಲೆ ಸೀಮೆಸುಣ್ಣದ ಖಡುವಿನಿಂದ ಚಿತ್ರ ಬರೆದರು. ಇನ್ನೊಂದು ಪೈಪು. ಬಳಸದೆ ಉಳಿದ ನೀರು ಪೈಪಿನಲ್ಲೇ ನಿಂತು ಆರುವ ಬದಲು ಬಂಬಕ್ಕೆ ಮರಳಬೇಕು, ಕಾದು ಮತ್ತೆ ಹೊರಡಬೇಕು. ಪಂಪು ಬೇಡ — ಕಾದದ್ದು ಮೇಲೇರುತ್ತದೆ, ಆರಿದ್ದು ಇಳಿಯುತ್ತದೆ. ನಮ್ಮ ಹಿತ್ತಲು ಹೇಗೂ ತಗ್ಗಿನಲ್ಲಿದೆ. ಹೂಂ ಅಂದೆ.

೨೯-೧೧, ರವಿವಾರ

ಅತ್ತೆ ಬುಧವಾರ ಬಂದರು. ರೊಟ್ಟಿ ನಾನು ಬಡಿಯುತ್ತೇನೆ, ಮಗ ಬಡಿಸುತ್ತಾರೆ, ಅತ್ತೆ ಉಣ್ಣುತ್ತಾರೆ. ಬಡಿದವರು ಯಾರೆಂದು ಕೇಳುವುದಿಲ್ಲ. ಉಪ್ಪು ಕಡಿಮೆಯಾದರೆ ಮಾತ್ರ ಗೊತ್ತಿರುತ್ತದೆ — "ಮಡಿವಾಳಾ, ನಿನ್ನ ಹೇಂತಿಗೆ ಹೇಳು, ಪಲ್ಲ್ಯಾಕ ಉಪ್ಪು ಕಮ್ಮಿ." ನಾನು ಎದುರಿಗೇ ನಿಂತಿರುತ್ತೇನೆ. ಕುಡಿಯುವ ನೀರು ಮಾತ್ರ ಮಗನೇ ತುಂಬಿಡಬೇಕು.

ಇವತ್ತು ಎರಡನೆಯ ಪೈಪು ಕೂಡಿತು. ತಿರುವಿದ ಕೂಡಲೇ ಬಿಸಿ! ಕಟ್ಟೆಯ ಮೇಲೆ ಕೂತಿದ್ದ ಅತ್ತೆಗೆ ಕಮರುದ್ದೀನ ಕೂಗಿ ಹೇಳಿದ: "ನೋಡ್ರಿ ಅವ್ವಾರ, ಇನ್ನ ಒಂದ ಹನಿ ಹಾಳಾಗಾಂಗಿಲ್ಲ. ಬಚ್ಚಲಕ್ಕ ಹ್ವಾದ ನೀರು ಹೊಳ್ಳಿ ಬಂಬಕ್ಕ ಬರತೈತಿ, ಕಾದು ಮತ್ತ ಹೋಗತೈತಿ!"

"ಎರಡೂ ಬಚ್ಚಲದ್ದೂ?" ಅತ್ತೆ ಕೇಳಿದರು.

"ಎರಡೂದ್ರಿ! ಎಲ್ಲಾ ಕೂಡಿ ಒಂದ."

ಅತ್ತೆ ಸೆರಗು ಸರಿಮಾಡಿಕೊಂಡು "ಛಲೋ ಆತು ಬಿಡಪಾ" ಅಂದರು.

೧೩-೧೨

ಅತ್ತೆ ಬೆಳಗಾಗುವುದರೊಳಗೆ ಮಿಂದು ಲಿಂಗಪೂಜೆಗೆ ಕೂಡುತ್ತಾರೆ. ಯಾರನ್ನೂ ಕರೆಯುವುದಿಲ್ಲ. ಎಲ್ಲ ನಾನು ಅಂದುಕೊಂಡ ಹಾಗೆಯೇ. ದಮ್ಮು ಮಾತ್ರ ಹೆಚ್ಚಾಗಿದೆ. ಬಿಸಿನೀರಿದೆ, ಹೊಗೆಯಿಲ್ಲ, ಔಷಧ ತಪ್ಪಿಲ್ಲ. ಆದರೂ... ಡಾಕ್ಟರಿಗೂ ತಿಳಿಯುತ್ತಿಲ್ಲ.

೨೦-೧೨, ರವಿವಾರ

ತಿಳಿಯಿತು.

ಅವರು ಹೊರಬಂದ ಕೂಡಲೇ ಬಚ್ಚಲು ತಿಕ್ಕಲು ಹೋದೆ. ಕಾಲಿಟ್ಟರೆ ಕಲ್ಲು ಕೊರೆಯುತ್ತಿದೆ. ಬಕೆಟ್ಟಿನ ತಳದಲ್ಲಿ ಉಳಿದ ನೀರು ಐಸಿನಂತಿದೆ. ಬಿಸಿನೀರಿನ ನಳದ ಬಾಯಿ ಒಣಗಿದೆ. ದಿನಾ ತಣ್ಣೀರೇ! ಈ ಚಳಿಯಲ್ಲಿ, ಎದೆ ಸುಂಯ್‌ಗುಡುತ್ತಿರುವಾಗ.

ಯಾಕೆಂದು ಕೇಳಬೇಕೇ? 'ಎರಡೂ ಬಚ್ಚಲದ್ದೂ?' — ಅವತ್ತು ಕಮರುದ್ದೀನನಿಗೆ ಕೇಳಿದ ಆ ಮಾತು ಇವತ್ತು ಕಿವಿಗೆ ಬಿತ್ತು. ಹೊಳ್ಳಿ ಬರುವ ನೀರು ಅಂದರೆ ನಾನು ಮಿಂದ ನೀರೇ ಎಂದು ತಿಳಿದಿದ್ದಾರೆ. ಬಾಯಿ ಬಿಡದೆ, ಸಾಯಲಿಕ್ಕೂ ತಯಾರಾಗಿ... ಸಾಯಲಿ ಬಿಡು ಅಂತಲೂ ಒಂದು ಕ್ಷಣ ಅನ್ನಿಸಿತು. ಬರೆದುಬಿಟ್ಟೆ. ಇರಲಿ.

ಸಂಜೆ ಇವರಿಗೆ ಹೇಳಿದೆ. ಅವ್ವನ ಮುಂದೆ ಖಡು ಹಿಡಿದು ಕೂತರು. ಪೈಪು ಬರೆದರು, ಬಾಣ ಬರೆದರು. "ಆತಪಾ, ತಿಳೀತು," ಅಂದರು ಅತ್ತೆ. ಏನು ತಿಳಿಯಿತೋ.

೩-೧-೧೯೬೫, ರವಿವಾರ

ಇಷ್ಟು ದಿನ ಬರೆಯಲಾಗಲಿಲ್ಲ. ಅತ್ತೆಗೆ ಉಸಿರು ಹಿಡಿಯಿತು. ಆಸ್ಪತ್ರೆ, ಸೂಜಿ. ಮೊನ್ನೆ ಕರೆತಂದೆವು. ಇನ್ನೊಮ್ಮೆ ತಣ್ಣೀರು ಬಿದ್ದರೆ ಉಳಿಯುವುದು ಕಷ್ಟ, ಅಂದಿದ್ದಾರೆ ಡಾಕ್ಟರು. ಬಿಸಿನೀರು ಅತ್ತೆಗೆ ಬೇಡ. ಮೀಯದೆ ಪೂಜೆಯಿಲ್ಲ, ಪೂಜೆಯಿಲ್ಲದೆ ತುತ್ತಿಲ್ಲ. ಹಾಸಿಗೆ ಹಿಡಿದಾಗ ವಿಭೂತಿ ಹಚ್ಚಿಕೊಂಡರೆ ಸಾಕಿತ್ತು, ಎದ್ದು ಕೂತ ಮೇಲೆ ಸಾಲದಂತೆ. ನಿನ್ನೆಯಿಂದ ಉಪವಾಸ. ಮಗ ಬೇರೆ ಪಾತ್ರೆಯಲ್ಲಿ ಕಾಯಿಸಿ ತಂದರೂ ಅದು ಬಂಬದ್ದೇ ಎಂಬ ಸಂಶಯ ಅತ್ತೆಗೆ; ಮಗ ಗೋಗರೆದರು, ಅತ್ತೂಬಿಟ್ಟರು.

ಮಧ್ಯಾಹ್ನ ಇವರು ಔಷಧಕ್ಕೆ ಹೋದಾಗ ನಾನೇ ಹೋಗಿ ಅತ್ತೆಯ ಕೈ ಹಿಡಿದೆಬ್ಬಿಸಿದೆ. ಹೌದು, ಕೈ ಹಿಡಿದೇ. ಕೊಸರುವಷ್ಟು ಶಕ್ತಿ ಅವರಲ್ಲಿರಲಿಲ್ಲ. ಹಿತ್ತಲಿಗೆ ಕರೆತಂದು ಕಟ್ಟೆಯ ಮೇಲೆ ಕೂಡಿಸಿದೆ. ಬಕೆಟ್ಟಿನ ನೀರಿಗೆ ಮುಷ್ಟಿ ಅರಿಷಿಣ ಕಲಸಿ ನನ್ನ ಬಚ್ಚಲಲ್ಲಿ ಸುರಿದು ಬಂದೆ. ಹಳದಿ ನೀರು ಗಟಾರಕ್ಕೆ ಬಂತು, ಬಾಳೆಯ ಬುಡಕ್ಕೆ ಹರಿಯಿತು. ಬಂಬದ ನಳ ಬಿಟ್ಟು ತೋರಿಸಿದೆ — ಹಬೆಯಾಡುವ ತಿಳಿನೀರು.

"ನೋಡ್ರಿ ಅತ್ತಿ. ನಾ ಮೈತೊಳದದ್ದು ಅಲ್ಲಿ ಹೋತು. ಇದರಾಗ ಹಳದಿ ಐತೇನು?"

ಬಹಳ ಹೊತ್ತು ನೋಡಿದರು. "ಹಂಗಾರ ಹೊಳ್ಳಿ ಬರೋದು ಯಾವ ನೀರವಾ?" ನೇರವಾಗಿ ನನ್ನನ್ನೇ ಕೇಳಿದರು, ಮೊದಲ ಸಲ.

"ಯಾರೂ ಮುಟ್ಟದ್ದು. ನಾನೂ ಮುಟ್ಟದ್ದು. ಅದಕ್ಕಂತನ ಇದನ್ನ ಮಾಡಿಸೀನ್ರಿ! ನನ್ನ ಕೈಲೆ ನೀರು ತಗೊಳ್ಳೋ ಪ್ರಸಂಗ ನಿಮಗ ಬರಬಾರದಂತ!"

ಧ್ವನಿ ಏರಿತ್ತು. ಪಕ್ಕದ ಮನೆಯ ಹಾಜರಾಬಿ ಗೋಡೆಯಾಚೆಯಿಂದ ಇಣುಕಿದರು. ಇಣುಕಲಿ.

"ಸುಳ್ಳ ಯಾಕ ಹೇಳ್ಲಿ," ಅಂದರು ಅತ್ತೆ, ಉಸಿರು ಎಳೆದುಕೊಳ್ಳುತ್ತ. "ನಿನ್ನ ನೀರಂತನ ಒಲ್ಲೆ ಅಂದೆ. ಮಗಂದೊಂದ ಆಗಿದ್ರ ಸುಮ್ಮನ ಹಾಕ್ಕೊಂತಿದ್ನೋ ಏನೋ. ರೊಟ್ಟಿ ನಿಂದ ತಿಂತೇನಿ. ನೀರಿಗೆ ಮನಸು ಬರವಲ್ದು. ಯಾಕಂತ ಕೇಳಿದ್ರ ಹೇಳಾಕ ಬರಾಂಗಿಲ್ಲ ನನಗ."

ಚುಚ್ಚಿತು. ಸಮಾಧಾನ ಹೇಳಬೇಕೆಂದು ನನಗೇನೂ ಅನ್ನಿಸಲಿಲ್ಲ. ಆದರೆ ಐದು ವರ್ಷದಲ್ಲಿ ಅವರು ನನ್ನ ಮುಖ ನೋಡಿ ಆಡಿದ ಮೊದಲ ಖರೇ ಮಾತು ಅದು. ಕೂತವರ ಪಕ್ಕದಲ್ಲಿ ನಾನೂ ಕೂತೆ. ಇಬ್ಬರೂ ಗಟಾರ ನೋಡುತ್ತಿದ್ದೆವು.

೪-೧, ಬೆಳಿಗ್ಗೆ

ಅತ್ತೆ ಬಚ್ಚಲಿಗೆ ಹೋಗಿದ್ದಾರೆ. ಬಾಗಿಲ ಸಂದಿಯಿಂದ ಹಬೆ. ಬಿಸಿಯೇ. ಇವರು ಪಡಸಾಲೆಯಲ್ಲಿ ಗಡ್ಡ ಮಾಡಿಕೊಳ್ಳುತ್ತ ಸೀಟಿ ಹಾಕುತ್ತಿದ್ದಾರೆ, ತಮ್ಮ ಖಡುವಿನ ಚಿತ್ರವೇ ಗೆದ್ದಿತೆಂದು. ಜೀವ ಉಳಿಯಿತು, ಅಷ್ಟು ಸಾಕು.

ಸಾಕೇ? ಅತ್ತೆ ನಂಬಿದ್ದು ನೀರನ್ನು. ನಾನು ಮುಟ್ಟಿಲ್ಲವೆಂದು ಖಾತ್ರಿಯಾದ ಮೇಲೆಯೇ ಅಲ್ಲವೇ ಮೈಮೇಲೆ ಹಾಕಿಕೊಂಡದ್ದು? ಅದನ್ನು ನಾನೇ ಕೂಗಿ ಹೇಳಿದೆ, ಗೆದ್ದವಳ ಹಾಗೆ. ಬಚ್ಚಲಿನ ತನಕ ಪೈಪು ಹಾಕಿಸಿದೆ, ಅವರ ತನಕ ಹೋಗಲಿಲ್ಲ. ಹೋಗಬೇಕಾದವಳು ನಾನೇ ಏಕೆ, ಅದೂ ಗೊತ್ತಾಗುವುದಿಲ್ಲ...

ಕರೆದರು. "ಶೇವಂತೀ..." ನನ್ನ ಹೆಸರು ಅವರ ಬಾಯಲ್ಲಿ! "ತೋಳು ಏಳವಲ್ದವಾ. ಬೆನ್ನಿಗೆ ಎರಡು ತಂಬಿಗಿ ಹಾಕ ಬಾ."

ಪೂಜೆ ಇನ್ನೂ ಆಗಿಲ್ಲ. ಕೊರಳಲ್ಲಿ ಲಿಂಗ. ಬಾಯಿ ತಪ್ಪಿ ಕರೆದಿರಬಹುದು. ಇನ್ನೊಮ್ಮೆ ಕರೆಯಲಿ. ನಾನು ಇಷ್ಟು ವರ್ಷ ಕಾದಿದ್ದೇನೆ, ಅವರೂ ಒಂದು ಗಳಿಗೆ ಕಾಯಲಿ.

"ಶೇವಂತೀ, ಬರತಿಯೋ ಇಲ್ಲೋ? ಹಿಡದಿಟ್ಟ ನೀರು ಆರಾಕತ್ತೈತಿ!"

ಕೈಗೆಲ್ಲ ಶಾಯಿ. ತೊಳೆದುಕೊಂಡು ಹೋದರೆ ತಡವಾದೀತು. ಬಂದೆನ್ರಿ ಅ—