ಮೂರನೇ ಟ್ಯೂನು ಯಾರದು

ಶಿಗೆಹಾರು,

ನೀನು ಸತ್ತು ಹನ್ನೊಂದು ವರ್ಷವಾದರೂ ಈ ಸಿಟ್ಟನ್ನು ನಿನಗೇ ಹೇಳಬೇಕು. ನಮ್ಮ ಜಾಝ್ ಫ್ಯೂಷನ್ ಬ್ಯಾಂಡಿನ ಮೊದಲ ಆಲ್ಬಮ್ಮು ಮತ್ತೆ ಬಿಡುಗಡೆಯಾಗಿದೆ. ಇವತ್ತು ಶಿಂಜುಕುವಿನ ರೆಕಾರ್ಡ್ ಅಂಗಡಿಯಲ್ಲಿ ಅದನ್ನು ತಿರುಗಿಸಿ ನೋಡಿದರೆ, ನೀನು ಕಟ್ಟಿದ ಮೂರನೇ ಟ್ಯೂನಿಗೆ ಈ ಸಲವೂ ನಮ್ಮ ನಾಯಕ ಕುಸಾಕಾನದೇ ಹೆಸರು! ಅಲ್ಲಿಂದಲೇ ಅವನಿಗೆ ಫೋನ್ ಮಾಡಿ ಬೈದೆ.

“ಸತ್ತವನಿಗೆ ಹೆಸರು ಯಾಕೆ ಮಾರಾಯ್ತಿ? ನಲವತ್ತು ವರ್ಷ ಇಲ್ಲದ ಬಾಯಿ ಈಗ ಬಂತಾ?” ಅಂದ.

ಪೆನ್ನು ತೆಗೆದು ಅಲ್ಲಿದ್ದ ಆರೂ ಪ್ರತಿಗಳ ಕವರಿನ ಮೇಲೆ ಅವನ ಹೆಸರು ಹೊಡೆದು ನಿನ್ನದು ಬರೆದೆ.

“ಅಜ್ಜೀ, ಏನಿದು!” ಅಂತ ಅಂಗಡಿಯ ಹುಡುಗಿ ಓಡಿಬಂದಳು.

“ತಪ್ಪು ತಿದ್ದುತಿದ್ದೀನಮ್ಮ” ಅಂದು ಆರನ್ನೂ ಕೊಂಡೆ.

ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಆ ಆಲ್ಬಮ್ಮು ರೆಕಾರ್ಡ್ ಮಾಡಿದ ದಿನ ಸ್ಟುಡಿಯೋದಲ್ಲಿ, ಕುಸಾಕಾನ ಎದುರಿಗೇ, “ಚಿಜುರು, ಇದು ಯಾರ ಟ್ಯೂನು ಅಂತ ನೀನಾದರೂ ಹೇಳು” ಎಂದು ನೀನು ನನ್ನತ್ತ ತಿರುಗಿದಾಗ, ನಾನು ತಲೆ ತಗ್ಗಿಸಿ ಕೀಬೋರ್ಡಿನ ವೈರು ಸುತ್ತುತ್ತಿದ್ದೆ.